ಅಗ್ಗದ ಲೋಟಕ್ಕೇ ಏಕೆ ಭಾರಿ ಸುಂಕ?

ಅಮೆರಿಕದ ಸುಂಕ ಎಂದರೆ ನಮಗೀಗ ನೆನಪಾಗುವುದು 2025ರ ಆಗಸ್ಟ್‌ನಲ್ಲಿ ಭಾರತದ ಸರಕುಗಳ ಮೇಲೆ ಬಿದ್ದ ಶೇ 50ರ ಹೊರೆ. ಆ ಬಗ್ಗೆ ಸಾಕಷ್ಟು ಚರ್ಚೆಯಾಗಿದೆ. ಆದರೆ ಅದೇ ದೇಶದ ಸುಂಕ ಪಟ್ಟಿಯಲ್ಲಿ, ಯಾವ ಅಧ್ಯಕ್ಷರ ಹೆಸರಿಗೂ ಅಂಟಿಕೊಳ್ಳದ, ಚುನಾವಣಾ ಭಾಷಣಗಳಲ್ಲಿ ಕೇಳಿಸದ ಹಳೆಯ ಅನ್ಯಾಯವೊಂದು ಹಾಗೆಯೇ ಉಳಿದಿದೆ. ಬಡವರ ಮನೆಯ ನೀರಿನ ಲೋಟಕ್ಕೆ ಅಲ್ಲಿ ಶೇ 28.5ರಷ್ಟು ಆಮದು ಸುಂಕ. ಸಿರಿವಂತರ ಕ್ರಿಸ್ಟಲ್ ಗ್ಲಾಸಿಗೆ ಶೇ 3.

ಇದು ಕಣ್ತಪ್ಪಿ ಆದದ್ದಲ್ಲ, ವರ್ಗೀಕರಣದ ಫಲ. ಜಿಎಸ್‌ಟಿ ಬಿಲ್ಲಿನಲ್ಲಿ ಎಚ್‌ಎಸ್‌ಎನ್ ಎಂದು ಬರೆಯುವ ಸಂಖ್ಯೆ ನಮ್ಮ ವರ್ತಕರಿಗೆಲ್ಲ ಗೊತ್ತು. 1988ರಲ್ಲಿ ಜಾರಿಗೆ ಬಂದ, ಬ್ರಸೆಲ್ಸ್‌ನ ವಿಶ್ವ ಕಸ್ಟಮ್ಸ್ ಸಂಘಟನೆ ನೋಡಿಕೊಳ್ಳುವ ಈ ಸಂಖ್ಯಾ ವ್ಯವಸ್ಥೆಯಲ್ಲಿ ಮೊದಲ ಆರು ಅಂಕಿಗಳು ಅದನ್ನು ಒಪ್ಪಿದ ದೇಶಗಳಿಗೆಲ್ಲ ಒಂದೇ. ಊಟದ ಮೇಜು, ಅಡುಗೆಮನೆ, ಸ್ನಾನದ ಮನೆ, ಕಚೇರಿ, ಅಲಂಕಾರ, ಇವಕ್ಕೆ ಬಳಸುವ ಗಾಜಿನ ಸಾಮಾನು ಬರುವುದು 7013ನೇ ಶೀರ್ಷಿಕೆಯಡಿ. ಮಗುವಿಗೆ ಹಾಲು ಕುಡಿಸುವ ಗಾಜಿನ ಬಾಟಲಿಯೂ ಅಲ್ಲೇ ಸೇರುತ್ತದೆ. ಆರು ಅಂಕಿಗಳ ಆಚೆಗೆ ಹೇಗೆ ವಿಂಗಡಿಸಬೇಕು ಎಂಬುದು ಆಯಾ ದೇಶದ ಇಷ್ಟ. ಅಮೆರಿಕ ವಿಂಗಡಿಸಿದ್ದು ಬೆಲೆಯನ್ನು ನೋಡಿ.

ಟಫನ್ಡ್ (ವಿಶೇಷವಾಗಿ ಗಟ್ಟಿಗೊಳಿಸಿದ) ಅಲ್ಲದ ಸಾದಾ ಗಾಜಿನ ಲೋಟವೊಂದರ ಆಮದು ಬೆಲೆ 30 ಸೆಂಟ್ ಮೀರದಿದ್ದರೆ ಮಾಮೂಲಿ ಸುಂಕ ಶೇ 28.5. ಅಲ್ಲಿಂದ 3 ಡಾಲರ್‌ವರೆಗೆ ಶೇ 22.5. ಕೆತ್ತನೆ ಇಲ್ಲದ ಲೋಟವಾದರೆ 3ರಿಂದ 5 ಡಾಲರ್‌ವರೆಗೆ ಶೇ 11.3, ಅದರಾಚೆಗೆ ಶೇ 7.2. ತೂಕದಲ್ಲಿ ಕನಿಷ್ಠ ಶೇ 24ರಷ್ಟು ಸೀಸದ ಆಕ್ಸೈಡ್ ಇರುವ ಗಾಜನ್ನು ಲೆಡ್ ಕ್ರಿಸ್ಟಲ್ ಎಂದು ಪರಿಗಣಿಸುತ್ತಾರೆ. ಅದರ ಬೆಲೆ 5 ಡಾಲರ್ ದಾಟಿದರೆ ಸುಂಕ ಬರೀ ಶೇ 3. ಲೆಕ್ಕ ಹಾಕಿ ನೋಡಿ. 2.90 ಡಾಲರ್‌ನ ಸಾದಾ ಲೋಟ ಕಟ್ಟುವ ಸುಂಕ ಸುಮಾರು 65 ಸೆಂಟ್. 20 ಡಾಲರ್‌ನ ಕ್ರಿಸ್ಟಲ್ ಗ್ಲಾಸ್ ಕಟ್ಟುವುದು 60 ಸೆಂಟ್. ಇಲ್ಲಿ ಶೇಕಡಾವಾರು ದರವಷ್ಟೇ ತಲೆಕೆಳಗಾಗಿಲ್ಲ, ಕೈಯಿಂದ ಹೋಗುವ ಹಣವೇ ಬಡವನದ್ದು ಹೆಚ್ಚು.

ಇನ್ನೂ ಒಂದು ವಿಚಿತ್ರವಿದೆ. 3.10 ಡಾಲರ್‌ನ ಲೋಟಕ್ಕೆ ಸುಂಕ ಸುಮಾರು 35 ಸೆಂಟ್. ಅಂದರೆ 2.90 ಡಾಲರ್‌ನ ಲೋಟ ಸುಂಕ ಸೇರಿದ ಮೇಲೆ ಅದಕ್ಕಿಂತ ತುಟ್ಟಿಯಾಗುತ್ತದೆ. ಬೆಲೆ ಇಳಿಸಿದ ತಯಾರಕನಿಗೆ ದಂಡ, ಏರಿಸಿದವನಿಗೆ ರಿಯಾಯಿತಿ. ಉತ್ತರ ಪ್ರದೇಶದ ಫಿರೋಜಾಬಾದಿನ ಗಾಜಿನ ಕುಲುಮೆಯಿಂದ ಬರುವ ಅಗ್ಗದ ಲೋಟಕ್ಕೂ ಇದೇ ಏಣಿ, ಇದೇ ಮೆಟ್ಟಿಲು.

ಇದು ಹೀಗೇಕಾಯಿತು? 1930ರ ಸುಂಕ ಕಾಯ್ದೆಯ ಕಾಲದ ದರಗಳನ್ನು ಅಮೆರಿಕ ಇಂದಿಗೂ ಪಟ್ಟಿಯ ಎರಡನೇ ಅಂಕಣದಲ್ಲಿ ಉಳಿಸಿಕೊಂಡಿದೆ. ಅಲ್ಲಿ ಅಗ್ಗದ ಲೋಟಕ್ಕೂ ಕ್ರಿಸ್ಟಲ್‌ಗೂ ಒಂದೇ ದರ, ಶೇ 60. ಹೊರಟದ್ದು ಒಂದೇ ಕಡೆಯಿಂದ. ಆಮೇಲಿನ ವ್ಯಾಪಾರ ಮಾತುಕತೆಗಳಲ್ಲಿ ದಾರಿ ಬೇರೆಯಾಯಿತು. ಆ ಮಾತುಕತೆಗಳ ಪದ್ಧತಿಯೇ ಹಾಗಿತ್ತು: ಒಂದು ಸರಕನ್ನು ಹೆಚ್ಚು ಪೂರೈಸುವ ದೇಶ ಅದರ ಸುಂಕ ಇಳಿಸಿ ಎಂದು ಕೇಳಬೇಕು, ಬದಲಿಗೆ ತಾನೂ ಏನಾದರೂ ಬಿಟ್ಟುಕೊಡಬೇಕು. ಕ್ರಿಸ್ಟಲ್ ಮಾಡುವ ಯುರೋಪಿನ ದೇಶಗಳಿಗೆ ಆ ಮೇಜಿನಲ್ಲಿ ಜಾಗವೂ ಇತ್ತು, ಬಲವೂ ಇತ್ತು. ಅಗ್ಗದ ಲೋಟದ ಪರವಾಗಿ ಅಷ್ಟೇ ಗಟ್ಟಿಯಾಗಿ ಕೇಳುವವರು ಇರಲಿಲ್ಲ, ಅದನ್ನು ಕೊಳ್ಳುವ ಅಮೆರಿಕದ ಬಡ ಕುಟುಂಬದ ಪರವಾಗಿಯಂತೂ ಇರಲೇ ಇಲ್ಲ ಎಂದೇ ನನ್ನ ಅನಿಸಿಕೆ.

ಸ್ಥಳೀಯ ಕಾರ್ಮಿಕರ ರಕ್ಷಣೆಗಾಗಿ ಈ ಗೋಡೆ ಬೇಕು ಎಂಬ ವಾದವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಗಾಜಿನ ಕುಲುಮೆಯ ಮುಂದೆ ದುಡಿಯುವವರ ಬದುಕು ಕಷ್ಟದ್ದು. ಆದರೆ ಗೋಡೆ ಅವರನ್ನು ಕಾಯಿತೇ? ಗಾಜಿನ ಲೋಟ ತಯಾರಿಸುವ ಒಹಾಯೊದ ಲಿಬ್ಬಿ ಕಂಪನಿ 2020ರ ಜೂನ್‌ನಲ್ಲಿ ದಿವಾಳಿ ಅರ್ಜಿ ಹಾಕಿತು, ಅದರ ಲೂಸಿಯಾನದ ಶ್ರೀವ್‌ಪೋರ್ಟ್ ಕಾರ್ಖಾನೆಗೆ ಬೀಗ ಬಿತ್ತು. ಪೆನ್ಸಿಲ್ವೇನಿಯಾದ ಶಾರ್ಲೆರಾಯ್‌ನಲ್ಲಿ ನೂರು ವರ್ಷ ಮೀರಿ ಗಾಜು ಕರಗಿಸಿದ್ದ ಪೈರೆಕ್ಸ್ ಗಾಜಿನ ಪಾತ್ರೆಗಳ ಘಟಕವನ್ನು ಮುಚ್ಚುವ ಘೋಷಣೆ 2024ರಲ್ಲಿ ಬಂತು. ಅಲ್ಲಿನ ಕೆಲಸವನ್ನು ಒಹಾಯೊದ ಲ್ಯಾಂಕಾಸ್ಟರ್‌ಗೆ ಸಾಗಿಸುವ ನಿರ್ಧಾರವಾಯಿತು. ಸುಂಕ ಹಾಗೇ ನಿಂತಿತ್ತು, ಕೆಲಸ ಹೋಯಿತು.

ಸರಕು ವಿಂಗಡಿಸುವ ಗೆರೆ ಎಳೆಯಲು ಬೆಲೆಯ ಹೊರತು ಬೇರೆ ದಾರಿ ಇಲ್ಲವೆಂದಲ್ಲ. ಇದೇ 7013ರ ಒಳಗೆ ಒಂದು ಒಳ್ಳೆಯ ಗೆರೆಯಿದೆ. 0ಯಿಂದ 300 ಡಿಗ್ರಿ ಸೆಲ್ಸಿಯಸ್ ನಡುವೆ ಪ್ರತಿ ಡಿಗ್ರಿಗೆ ಉದ್ದದಲ್ಲಿ ಹತ್ತು ಲಕ್ಷಕ್ಕೆ 5 ಪಾಲು ಮೀರಿ ಹಿಗ್ಗದ ಗಾಜಿಗೆ ಪ್ರತ್ಯೇಕ ಉಪಶೀರ್ಷಿಕೆ. ಬೋರೋಸಿಲಿಕೇಟ್ ಗಾಜು ಹಿಗ್ಗುವುದು 3.3 ಪಾಲು, ಹಾಗಾಗಿ ಬಿಸಿಗೆ ಸೀಳುವುದಿಲ್ಲ; ಸಾಮಾನ್ಯ ಸೋಡಾ ಗಾಜು 9ರ ಆಸುಪಾಸು. ಪ್ರಯೋಗಾಲಯದಲ್ಲಿ ಅಳೆದರೆ ಮುಗಿಯಿತು, ಅಧಿಕಾರಿಯ ಊಹೆಗೆ ಅಲ್ಲಿ ಜಾಗವಿಲ್ಲ.

ಬಳಕೆಯನ್ನು ನೋಡಿ ಎಳೆದ ಗೆರೆ ಇಷ್ಟು ಸ್ಪಷ್ಟವಲ್ಲ. ಸರಕು ತುಂಬಿ ಸಾಗಿಸುವ ಬಾಟಲಿಗಳಿಗೂ ಹಣ್ಣು, ತರಕಾರಿ ಕೆಡದಂತೆ ಇಡುವ ಜಾಡಿಗಳಿಗೂ 7010 ಎಂಬ ಬೇರೆ ಶೀರ್ಷಿಕೆ. ಬೇಳೆ, ಸಕ್ಕರೆ ತುಂಬಿ ಅಡುಗೆಮನೆಯ ಗೂಡಿನಲ್ಲಿಡುವ ಜಾಡಿ 7013. ನೋಡಲು ಒಂದೇ ತೆರನಾದ ಎರಡು ಜಾಡಿಗಳಲ್ಲಿ ಯಾವುದು ಎಲ್ಲಿಗೆ? ಹೂ ಮಾರುವವರು ಬಳಸುವ ಅಗ್ಗದ ಗಾಜಿನ ಹೂದಾನಿ ಹೂವಿನ ಪ್ಯಾಕಿಂಗ್ ಮಾತ್ರ, ಆದ್ದರಿಂದ ಸುಂಕವಿಲ್ಲದ 7010ರ ಸಾಲಿಗೆ ಸೇರಬೇಕು ಎಂದು ಆಮದುದಾರರೊಬ್ಬರು ವಾದಿಸಿದ್ದರು. ಜನ ಅದನ್ನು ಮನೆಯಲ್ಲಿ ಅಲಂಕಾರಕ್ಕೆ ಇಡುತ್ತಾರೆಂದು ಅಮೆರಿಕದ ಫೆಡರಲ್ ಮೇಲ್ಮನವಿ ನ್ಯಾಯಾಲಯ 2014ರಲ್ಲಿ 7013ನ್ನೇ ಎತ್ತಿಹಿಡಿಯಿತು. 7013ರಲ್ಲಿ ಹೂದಾನಿಯ ಸಾಲಿನ ದರ 30 ಸೆಂಟ್‌ವರೆಗೆ ಶೇ 38, ಮೇಲೆ 3 ಡಾಲರ್‌ವರೆಗೆ ಶೇ 30. ಸೊನ್ನೆಗೂ ಮೂವತ್ತೆಂಟಕ್ಕೂ ನಡುವೆ ನಿಂತದ್ದು ಒಂದು ಅಂಕಿ.

ಭಾರತದಲ್ಲಿ ಬೆಲೆಯ ಮೆಟ್ಟಿಲುಗಳಿಲ್ಲ. 2020ರ ಬಜೆಟ್ 7013ರ ಸುಂಕವನ್ನು ಶೇ 10ರಿಂದ 20ಕ್ಕೆ ಏರಿಸಿತು; ಏರಿಕೆಯ ಬಗ್ಗೆ ತಕರಾರು ಇರಬಹುದು, ಆದರೆ ಅಗ್ಗದ ಲೋಟಕ್ಕೂ ದುಬಾರಿ ಗ್ಲಾಸಿಗೂ ಒಂದೇ ದರ. ಇದನ್ನು ನಾವು ಬಿಟ್ಟುಕೊಡಬಾರದು. ನಮ್ಮಲ್ಲಿ ತೊಂದರೆ ಇರುವುದು 7010, 7013ರ ನಡುವಿನ ಜಾಡಿಯ ಗೆರೆಯಲ್ಲಿ. 2011ರಿಂದ ಸ್ವಯಂ ಮೌಲ್ಯಮಾಪನ ಜಾರಿಯಲ್ಲಿದ್ದು, ಸರಿಯಾದ ಸಂಖ್ಯೆ ಬರೆಯುವ ಹೊಣೆ ಆಮದುದಾರನದೇ. ವೈಟ್‌ಫೀಲ್ಡ್‌ನ ಕಂಟೇನರ್ ಡಿಪೊದಲ್ಲಿ ಸರಕು ಬಿಡಿಸಿಕೊಳ್ಳುವ ಸಣ್ಣ ವರ್ತಕ ತಪ್ಪು ಅಂಕಿ ಬರೆದರೆ ಬಾಕಿ ಸುಂಕ, ಬಡ್ಡಿ, ದಂಡ ಎಲ್ಲ ಅವನ ತಲೆಗೆ. ಯಾವ ಸಂಖ್ಯೆ ಸರಿ ಎಂದು ಮುಂಗಡ ತೀರ್ಪು ಕೊಡುವ ಪ್ರಾಧಿಕಾರಗಳು ದೆಹಲಿ, ಮುಂಬೈಗಳಲ್ಲಿವೆ; ದೊಡ್ಡ ಕಂಪನಿಗೆ ಅದು ಸುಲಭ, ಪೇಟೆಯ ಅಂಗಡಿಯವನಿಗೆ ಅಲ್ಲ. ಮನೆಬಳಕೆಯ ಗಾಜಿನ ಜಾಡಿ, ಮುಚ್ಚಳದ ಡಬ್ಬಿ, ಬಾಟಲಿಗಳ ಚಿತ್ರಸಹಿತ ವಿವರಣೆಯೊಂದನ್ನು ಕೇಂದ್ರ ಪರೋಕ್ಷ ತೆರಿಗೆ ಮತ್ತು ಕಸ್ಟಮ್ಸ್ ಮಂಡಳಿ ಪ್ರಾದೇಶಿಕ ಭಾಷೆಗಳಲ್ಲಿ ಹೊರಡಿಸಲಿ. ಅದನ್ನು ನೋಡಿ ಬರೆದ ಸಂಖ್ಯೆ ಮುಂದೆ ವಿವಾದಕ್ಕೆ ಸಿಕ್ಕರೆ ವ್ಯತ್ಯಾಸದ ಸುಂಕವನ್ನಷ್ಟೇ ಕೇಳಲಿ, ದಂಡವನ್ನಲ್ಲ.