ಪಂಕ್ಚರ್ ಎಂಬ ಬೈಗುಳ

2019ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಟೌನ್‌ಹಾಲ್ ಬಳಿ ಸಂಸದ ತೇಜಸ್ವಿ ಸೂರ್ಯ, ಪೌರತ್ವ ತಿದ್ದುಪಡಿ ಕಾಯ್ದೆಯ ವಿರೋಧಿಗಳನ್ನು ಅನಕ್ಷರಸ್ಥರು, ಪಂಕ್ಚರ್ ಹಾಕುವವರು ಎಂದು ಹೀಯಾಳಿಸಿದರು. ಭಾಷಣವನ್ನು ಜನ ಮರೆತರೂ ಆ ಪದ ಮೊಬೈಲು ಸೇರಿತು. ಟೋಪಿ-ಗಡ್ಡದ ಚಿತ್ರಕ್ಕೆ ಅಂಟಿಕೊಂಡು ಮೀಮ್ ಆಯಿತು. ಮುಸ್ಲಿಮನೊಬ್ಬ ನ್ಯಾಯ ಕೇಳಿದರೆ ಈಗ ಅದನ್ನೇ ಮುಖಕ್ಕೆಸೆಯುತ್ತಾರೆ. ವಾದಿಸುವ ಶ್ರಮವೂ ಬೇಕಿಲ್ಲ. 2025ರ ಏಪ್ರಿಲ್‌ನಲ್ಲಿ ಹರಿಯಾಣದ ಹಿಸಾರ್‌ನಲ್ಲಿ ವಕ್ಫ್ ಕುರಿತು ಮಾತನಾಡುತ್ತ ಪ್ರಧಾನಿ ನರೇಂದ್ರ ಮೋದಿಯವರೂ ಮುಸ್ಲಿಮ್ ಯುವಕರ ಪಂಕ್ಚರ್ ಕೆಲಸವನ್ನೇ ಎತ್ತಿದರು. ಶಿರಾದ ಹೆದ್ದಾರಿಯಲ್ಲಿ ನಡುರಾತ್ರಿ ಟೈರು ಒಡೆದಾಗ ಮಾತ್ರ ಈ ಕೈಗಳು ಬೇಕು!

ಆದರೆ ನಾವೇನು ನಿರ್ದೋಷಿಗಳೇ? ಹೀಯಾಳಿಸುವ ಅಡ್ಡಹೆಸರುಗಳನ್ನು ಕುರ್‌ಆನಿನ ಅಲ್ ಹುಜುರಾತ್ ಅಧ್ಯಾಯ ನಿಷೇಧಿಸಿದೆ. ಮಧುಗಿರಿ, ಕೊರಟಗೆರೆ, ಪಾವಗಡಗಳ ನಮ್ಮದೇ ಮನೆಗಳಲ್ಲಿ ಮಗಳಿಗೆ ಸಂಬಂಧ ಬಂದಾಗ ‘ಪಂಕ್ಚರ್ ಅಂಗಡಿಯವನೇ?’ ಎಂದು ಮೂಗು ಮುರಿಯುವವರು ಯಾರು?