ಬಿಡುವಿನ ದಿನದ ದುಡಿಮೆ

ವ್ಯಾಯಾಮ ಮುಗಿಸಿ ಬೆವರು ಒರೆಸಿಕೊಳ್ಳುವ ಹೊತ್ತಿಗೆ ಸ್ನಾಯು ಮೊದಲಿಗಿಂತ ಸೊರಗಿರುತ್ತದೆ. ಗಂಟೆಯ ಹಿಂದೆ ಐವತ್ತು ಕಿಲೋ ಎತ್ತಿದ ತೋಳಿಗೆ ಈಗ ನಲವತ್ತೂ ಭಾರ. ಎಳೆಗಳಲ್ಲಿ ಅಲ್ಲಲ್ಲಿ ಸೂಕ್ಷ್ಮವಾದ ಬಿರುಕು ಬಿದ್ದಿರುತ್ತದೆ, ಕೂಡಿಟ್ಟ ಇಂಧನ ಕರಗಿರುತ್ತದೆ. ಬಲ ಬರುವುದು ಆಮೇಲೆ: ಉಣ್ಣುವಾಗ, ಮಲಗಿರುವಾಗ, ಸುಮ್ಮನೆ ಕೂತಿರುವಾಗ. ವ್ಯಾಯಾಮ ಬೇಡಿಕೆಯನ್ನು ಮುಂದಿಡುತ್ತದೆ, ಬಿಡುವು ಅದನ್ನು ಪೂರೈಸುತ್ತದೆ. ಪೂರೈಸಲು ಎಷ್ಟು ಹೊತ್ತು ಬೇಕು ಎಂದರೆ ಒಂದೇ ಲೆಕ್ಕ ಹೇಳಲು ಬರುವುದಿಲ್ಲ. ಇಂಧನ ತುಂಬಿಕೊಳ್ಳುವ ವೇಗ ಒಂದು, ಎಳೆ ರಿಪೇರಿಯಾಗುವ ವೇಗ ಇನ್ನೊಂದು, ಮೂಳೆಯದು ಮತ್ತೂ ಬೇರೆ. ಬಹುತೇಕ ಜನ ನೋವು ಹೋಯಿತೇ ಎಂದಷ್ಟೇ ನೋಡುತ್ತಾರೆ. ಇವುಗಳಲ್ಲೆಲ್ಲ ನಂಬಿಕೆಗೆ ಅತಿ ಕಡಿಮೆ ಯೋಗ್ಯವಾದ ಲೆಕ್ಕ ಅದೇ.

ನೋವಿನ ವಿಚಾರಕ್ಕೆ ಚಾಮುಂಡಿ ಬೆಟ್ಟದ ಮೆಟ್ಟಿಲಿಗಿಂತ ಒಳ್ಳೆಯ ಪಾಠಶಾಲೆ ಬೇಡ. ಅಭ್ಯಾಸವಿಲ್ಲದವರು ಸಾವಿರ ಮೆಟ್ಟಿಲು ಹತ್ತುವಾಗ ಏದುಸಿರು ಬಿಡುತ್ತಾರೆ, ನಂದಿಯ ಬಳಿ ಕೂತು ಸುಧಾರಿಸಿಕೊಳ್ಳುತ್ತಾರೆ. ಇಳಿಯುವಾಗ ಉಸಿರಿಗೆ ತೊಂದರೆಯೇ ಇಲ್ಲ, ಮಾತಾಡಿಕೊಂಡು ಇಳಿಯುತ್ತಾರೆ. ಮಾರನೆಯ ದಿನ ತೊಡೆ ಬಿಗಿಯುತ್ತದೆ. ಮೂರನೆಯ ದಿನ ನೆಲದ ಮೇಲೆ ಊಟಕ್ಕೆ ಕೂರಲು ಗೋಡೆ ಹಿಡಿಯಬೇಕು. ದೂರು ಹತ್ತಿದ್ದರ ಮೇಲೆ ಹೋಗುತ್ತದೆ, ಆದರೆ ತೊಡೆ ಹಿಡಿಸಿದ್ದು ಹೆಚ್ಚಾಗಿ ಇಳಿದದ್ದು. ಹತ್ತುವಾಗ ತೊಡೆಯ ಮುಂಭಾಗದ ಸ್ನಾಯು ಕುಗ್ಗುತ್ತಾ ಕೆಲಸ ಮಾಡುತ್ತದೆ. ಇಳಿಯುವಾಗ ಅದೇ ಸ್ನಾಯು ಮೈಭಾರವನ್ನು ತಡೆಯುತ್ತಲೇ ಉದ್ದವಾಗಬೇಕು, ಬ್ರೇಕ್ ಹಿಡಿದೇ ಇಳಿಜಾರು ಇಳಿಯುವ ಲಾರಿಯ ಹಾಗೆ. ಬಿಗಿ ಹಿಡಿದಿರುವಾಗಲೇ ಎಳೆಸಿಕೊಳ್ಳುವ ಈ ಕೆಲಸದಲ್ಲಿ ಸ್ನಾಯುವಿನ ಅತಿ ಚಿಕ್ಕ ಘಟಕಗಳಾದ ಸಾರ್ಕೋಮಿಯರ್‌ಗಳಲ್ಲಿ ಕೆಲವು ಮಿತಿಮೀರಿ ಹಿಗ್ಗಿ ಜೋಡಣೆ ತಪ್ಪುತ್ತವೆ. ದುರಸ್ತಿಗೆ ರಕ್ಷಣಾ ಕೋಶಗಳು ಬರುತ್ತವೆ, ಊತ ಬರುತ್ತದೆ, ನೋವಿನ ನರಗಳು ಸೂಕ್ಷ್ಮವಾಗುತ್ತವೆ. ಇದಕ್ಕೆಲ್ಲ ಸಮಯ ಬೇಕಾದ್ದರಿಂದಲೇ ನೋವು ತಡವಾಗಿ ಬಂದು 24ರಿಂದ 72 ಗಂಟೆಗಳ ನಡುವೆ ಹೆಚ್ಚು ಕಾಡುತ್ತದೆ.

ಲ್ಯಾಕ್ಟಿಕ್ ಆಮ್ಲ ತುಂಬಿಕೊಂಡಿದೆ ಎಂಬ ಮಾತು ಜಿಮ್ಮುಗಳಲ್ಲಿ ಇನ್ನೂ ಚಲಾವಣೆಯಲ್ಲಿದೆ. ರಕ್ತದಲ್ಲಿ ಏರಿದ ಲ್ಯಾಕ್ಟೇಟ್ ವ್ಯಾಯಾಮ ನಿಂತ ಸುಮಾರು ಒಂದು ಗಂಟೆಯಲ್ಲಿ ಮೊದಲಿನ ಮಟ್ಟಕ್ಕೆ ಇಳಿಯುತ್ತದೆ. ಹೃದಯ, ಯಕೃತ್ತು, ಬೇರೆ ಸ್ನಾಯುಗಳು ಅದನ್ನು ಇಂಧನವಾಗಿ ಬಳಸಿಕೊಳ್ಳುತ್ತವೆ. ಸೋಮವಾರ ಸಂಜೆಗೆ ಖಾಲಿಯಾದದ್ದು ಬುಧವಾರ ನೋಯಿಸಲಾರದು. ಅಮೆರಿಕದ ಶರೀರಕ್ರಿಯಾ ವಿಜ್ಞಾನಿ ಥಿಯೋಡರ್ ಹಫ್ 1902ರಲ್ಲೇ, ಬೆರಳಿನ ಸ್ನಾಯುವನ್ನು ಉಪಕರಣಕ್ಕೆ ಕಟ್ಟಿ ದುಡಿಸಿ, ದಣಿವಿನ ನೋವು ಬೇರೆ, ತಡವಾಗಿ ಬರುವ ನೋವು ಬೇರೆ ಎಂದು ವಿಂಗಡಿಸಿದ್ದರು. ಎರಡನೆಯದಕ್ಕೆ ಸ್ನಾಯುವಿನೊಳಗೆ ಎಳೆ ಹರಿದಿರುವುದೇ ಕಾರಣ ಎಂಬುದು ಅವರ ಅಂದಾಜು. ನೂರು ವರ್ಷ ದಾಟಿದರೂ ಆ ಮಾತು ಆಮ್ಲದ ಕತೆಯಷ್ಟು ಜನಪ್ರಿಯವಾಗಲಿಲ್ಲ.

ಅದೇ ಬೆಟ್ಟವನ್ನು ಎರಡು ವಾರದ ನಂತರ ಮತ್ತೆ ಹತ್ತಿಳಿದರೆ ನೋವು ಬಹಳ ಕಡಿಮೆ. ಒಂದೇ ಸಲದ ಅನುಭವ ಸ್ನಾಯುವಿಗೆ ಹಲವು ವಾರಗಳ ರಕ್ಷಣೆ ಕೊಡುತ್ತದೆ. ಹೀಗಾಗಿ ವರ್ಷಗಟ್ಟಲೆ ಸಾಮು ಮಾಡಿದವರಿಗೆ ನೋವೇ ಬರದಿರಬಹುದು, ಆದರೂ ಅವರ ಸ್ನಾಯು ಬೆಳೆಯುತ್ತಿರುತ್ತದೆ. ಹೊಸಬರ ಕಾಲು ನಡೆಯಲಾಗದಷ್ಟು ನೋಯಬಹುದು, ಅದರಿಂದ ಅವರಿಗೆ ಹೆಚ್ಚಿನ ಲಾಭವೇನೂ ಆಗಿರುವುದಿಲ್ಲ. ನೋಯದಿದ್ದರೆ ವ್ಯಾಯಾಮ ಹತ್ತಲಿಲ್ಲ ಎಂದುಕೊಳ್ಳುವುದೂ ತಪ್ಪು, ನೋವು ಹೋದ ಕೂಡಲೇ ರಿಪೇರಿ ಮುಗಿಯಿತು ಎಂದುಕೊಳ್ಳುವುದೂ ತಪ್ಪು. ತೀವ್ರವಾಗಿ ಘಾಸಿಗೊಂಡ ಸ್ನಾಯುವಿನಲ್ಲಿ ನೋವು ನಾಲ್ಕೈದು ದಿನಕ್ಕೆ ಅಡಗಿದರೂ ಪೂರ್ತಿ ಶಕ್ತಿ ಮರಳಲು ವಾರಕ್ಕೂ ಹೆಚ್ಚು ಹಿಡಿಯುವುದುಂಟು.

ರಿಪೇರಿಯ ಕೂಲಿಯಾಳುಗಳು ಪತ್ತೆಯಾದದ್ದು 1961ರಲ್ಲಿ. ಅಲೆಗ್ಸಾಂಡರ್ ಮೌರೊ ಎಂಬ ವಿಜ್ಞಾನಿ ಕಪ್ಪೆಯ ಕಾಲಿನ ಸ್ನಾಯುವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡುವಾಗ ಎಳೆಯ ಅಂಚಿಗೆ, ಅದರ ಹೊರಪೊರೆಯ ಕೆಳಗೆ ಒತ್ತಿಕೊಂಡು ಕೂತ ಪುಟ್ಟ ಕೋಶಗಳನ್ನು ಕಂಡರು. ಅವಕ್ಕೆ ಉಪಗ್ರಹ ಕೋಶಗಳೆಂದು ಹೆಸರಾಯಿತು. ಸಾಮಾನ್ಯ ದಿನಗಳಲ್ಲಿ ಇವು ನಿದ್ದೆಯಲ್ಲಿರುತ್ತವೆ. ಎಳೆಗೆ ಪೆಟ್ಟಾದಾಗ ಎಚ್ಚೆತ್ತು ಒಂದು ಎರಡಾಗಿ, ಎರಡು ನಾಲ್ಕಾಗಿ, ಕೊನೆಗೆ ಎಳೆಯೊಂದಿಗೆ ಬೆಸೆದು ತಮ್ಮ ಕೋಶಕೇಂದ್ರಗಳನ್ನು ಅದಕ್ಕೆ ಧಾರೆಯೆರೆಯುತ್ತವೆ. ಜೊತೆಗೆ ಎಳೆಯೊಳಗೆ ಹೊಸ ಪ್ರೋಟೀನಿನ ತಯಾರಿಕೆ ಏರುತ್ತದೆ. ಕೆನಡಾದ ಸಂಶೋಧಕರು 1995ರಲ್ಲಿ ಪ್ರಕಟಿಸಿದ ಅಳತೆಯಂತೆ, ತೋಳಿಗೆ ಭಾರದ ವ್ಯಾಯಾಮ ಕೊಟ್ಟ ನಾಲ್ಕು ಗಂಟೆಗೆ ಈ ತಯಾರಿಕೆ ಶೇಕಡಾ 50ರಷ್ಟು ಹೆಚ್ಚಿತ್ತು, 24 ಗಂಟೆಗೆ ಶೇಕಡಾ 109ರಷ್ಟು, 36 ಗಂಟೆಯ ಹೊತ್ತಿಗೆ ಬಹುಮಟ್ಟಿಗೆ ಮೊದಲಿನ ಸ್ಥಿತಿಗೆ ಇಳಿದಿತ್ತು. ಹೊಸಬರಲ್ಲಿ ಈ ಏರಿಕೆ ಎರಡು ದಿನವೂ ಉಳಿಯುತ್ತದೆ. ಒಂದೇ ಸ್ನಾಯುಗುಂಪಿಗೆ 48 ಗಂಟೆಯ ಅಂತರವಿರಲಿ ಎಂಬ ತರಬೇತುದಾರರ ರೂಢಿಯ ಮಾತಿಗೆ ಈ ಅಳತೆಗಳು ಹೊಂದಿಕೊಳ್ಳುತ್ತವೆ.

ಇಂಧನದ ಲೆಕ್ಕವನ್ನು ಹೊರತಂದ ಪ್ರಯೋಗ ಇನ್ನೂ ಸ್ವಾರಸ್ಯದ್ದು. ಸ್ಟಾಕ್‌ಹೋಮಿನ ಯೋನಸ್ ಬರ್ಗ್‌ಸ್ಟ್ರೋಮ್ ಮತ್ತು ಎರಿಕ್ ಹಲ್ಟ್‌ಮನ್ ಎಂಬ ವೈದ್ಯರು ತಮ್ಮ ಮೇಲೆಯೇ ಅದನ್ನು ಮಾಡಿಕೊಂಡರು. ಒಂದೇ ವ್ಯಾಯಾಮದ ಸೈಕಲ್ಲಿನ ಎರಡು ಬದಿಗೆ ಇಬ್ಬರೂ ಕೂತು, ತಲಾ ಒಂದೊಂದೇ ಕಾಲಿನಿಂದ ಸಾಕುಬೇಕಾಗುವವರೆಗೆ ತುಳಿದರು. ಇನ್ನೊಂದು ಕಾಲಿಗೆ ಪೂರ್ತಿ ವಿಶ್ರಾಂತಿ. ನಂತರ ಎರಡೂ ತೊಡೆಗಳಿಗೆ ದಪ್ಪ ಸೂಜಿ ಚುಚ್ಚಿ ಸ್ನಾಯುವಿನ ಚೂರು ತೆಗೆದು ಅದರಲ್ಲಿದ್ದ ಗ್ಲೈಕೋಜನ್ ಅಳೆದರು. ಗ್ಲೈಕೋಜನ್ ಎಂದರೆ ಸ್ನಾಯು ಕೂಡಿಟ್ಟುಕೊಳ್ಳುವ ಸಕ್ಕರೆಯ ರೂಪ. ತುಳಿದ ಕಾಲಿನಲ್ಲಿ ಅದು ಹೆಚ್ಚುಕಡಿಮೆ ಬರಿದಾಗಿತ್ತು. ಮುಂದಿನ ಮೂರು ದಿನ ಪಿಷ್ಟವೇ ಪ್ರಧಾನವಾದ ಊಟ. ದಿನವೂ ಸೂಜಿ. ಬರಿದಾದ ಕಾಲು ಮೊದಲ ದಿನವೇ ತುಂಬಿಕೊಂಡಿತು, ಆಮೇಲೂ ಏರುತ್ತ ಹೋಗಿ ದುಡಿಯದ ಕಾಲಿನ ಸುಮಾರು ಎರಡರಷ್ಟಾಯಿತು. ಒಂದೇ ಮೈ, ಒಂದೇ ರಕ್ತ, ಒಂದೇ ಊಟ; ದುಡಿದ ಕಾಲು ಮಾತ್ರ ತನ್ನ ಪಾಲಿಗಿಂತ ಹೆಚ್ಚು ಎಳೆದುಕೊಂಡಿತ್ತು. 1966ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಈ ಪುಟ್ಟ ಬರಹದಿಂದ ಎರಡು ಸಂಗತಿ ಖಚಿತವಾದವು. ಚೇತರಿಕೆ ನಡೆಯುವುದು ದುಡಿದ ಜಾಗದಲ್ಲೇ. ಅದು ಹಳೆಯ ಮಟ್ಟಕ್ಕೆ ಮುಟ್ಟಿ ನಿಲ್ಲುವುದಿಲ್ಲ, ಅವಕಾಶ ಸಿಕ್ಕರೆ ಒಂದು ಮೆಟ್ಟಿಲು ಮೇಲೇರುತ್ತದೆ. ಅವಕಾಶವೆಂದರೆ ಊಟ ಮತ್ತು ದಿನಗಳು.

ಸ್ನಾಯುವಿಗಿಂತ ನಿಧಾನಿ ಅದನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜು. ಭಾರ ಬಿದ್ದ ಮೊದಲ ಒಂದು ಒಂದೂವರೆ ದಿನ ಅದರಲ್ಲಿ ಕಟ್ಟಿದ್ದಕ್ಕಿಂತ ಒಡೆದದ್ದೇ ಹೆಚ್ಚು. ಆಮೇಲೆ ಲೆಕ್ಕ ಲಾಭದ ಕಡೆಗೆ ತಿರುಗುತ್ತದೆ. ಮೂಳೆ ಇನ್ನೂ ನಿಧಾನ. ಹಳೆಯ ಮೂಳೆಯನ್ನು ಕೊರೆಯುವ ಕೋಶಗಳು ವಾರಗಳಲ್ಲಿ ಕೆಲಸ ಮುಗಿಸಿದರೆ ಹೊಸದನ್ನು ತುಂಬುವ ಕೋಶಗಳಿಗೆ ತಿಂಗಳುಗಳು ಬೇಕು. ನಡುವಿನ ಅವಧಿಯಲ್ಲಿ ಮೂಳೆ ಮೊದಲಿಗಿಂತ ದುರ್ಬಲ. 1855ರಲ್ಲಿ ಪ್ರಷ್ಯದ ಸೇನಾವೈದ್ಯ ಬ್ರೈಟ್‌ಹಾಪ್ಟ್ ದೀರ್ಘ ನಡಿಗೆಯಿಂದ ಪಾದ ಊದಿ ನೋಯುವ ಸೈನಿಕರ ಬಗ್ಗೆ ಬರೆದರು. ಪಾದದ ಮೂಳೆಯಲ್ಲಿ ಸಣ್ಣ ಬಿರುಕು ಬಿಟ್ಟಿರುತ್ತದೆ ಎಂಬುದು ಎಕ್ಸ್‌ರೇ ಬಂದ ಮೇಲೆ ಕಣ್ಣಿಗೆ ಬಿತ್ತು. ಮ್ಯಾರಥಾನಿಗೆ ಹೆಸರು ನೋಂದಾಯಿಸಿದ ಉತ್ಸಾಹದಲ್ಲಿ ದಿನವೂ ಓಡಿ, ಎರಡನೆಯ ತಿಂಗಳಲ್ಲಿ ಮೊಣಕಾಲ ಕೆಳಗಿನ ಮೂಳೆ ಹಿಡಿದು ಕೂರುವವರ ಕತೆಯೂ ಇದೇ. ಉಸಿರು ಮತ್ತು ಸ್ನಾಯು ಬೇಗ ಹದಕ್ಕೆ ಬಂದಿರುತ್ತವೆ, ಇನ್ನಷ್ಟು ಓಡು ಎನ್ನುತ್ತವೆ. ಮೂಳೆ ಹಿಂದುಳಿದಿರುತ್ತದೆ.

ಬಿಡುವಿನ ದಿನದ ಅತಿ ದೊಡ್ಡ ಕೆಲಸ ನಿದ್ದೆಯದು. ಬೆಳವಣಿಗೆಯ ಹಾರ್ಮೋನು ಅತಿ ಹೆಚ್ಚು ಸುರಿಯುವುದು ರಾತ್ರಿಯ ಮೊದಲ ಗಾಢನಿದ್ದೆಯಲ್ಲಿ. ರಾತ್ರಿ ಒಂದಕ್ಕೆ ಮಲಗಿ ಐದಕ್ಕೆ ಅಲಾರಂ ಇಟ್ಟು ಜಿಮ್ಮಿಗೆ ಓಡುವುದು ಶಿಸ್ತಿನಂತೆ ಕಾಣಬಹುದು, ಮೈಗೆ ಅದು ಸಾಲ. ಇನ್ನು ಊಟ. ಭಾರತೀಯರಿಗೆ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಹೇಳಿದ ಪ್ರಮಾಣ ದೇಹದ ತೂಕದ ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೋಟೀನು. ಕಠಿಣ ವ್ಯಾಯಾಮ ಮಾಡುವವರಿಗೆ ಕ್ರೀಡಾವೈದ್ಯರು ಹೇಳುವುದು 1.2ರಿಂದ 2 ಗ್ರಾಂ, ಅಂದರೆ 60 ಕಿಲೋ ತೂಕದವರಿಗೆ ಕನಿಷ್ಠ 72 ಗ್ರಾಂ. ಒಂದು ಮೊಟ್ಟೆಯಲ್ಲಿರುವುದು ಆರು ಗ್ರಾಂ, ನೂರು ಗ್ರಾಂ ಒಣ ಹುರುಳಿಯಲ್ಲಿ ಇಪ್ಪತ್ತೆರಡರ ಆಸುಪಾಸು. ಮುದ್ದೆ ಗ್ಲೈಕೋಜನ್ ತುಂಬುತ್ತದೆ, ಹುರುಳಿ ಎಳೆ ಕಟ್ಟುತ್ತದೆ. ಆದರೆ ಹುರುಳಿಕಟ್ಟಿನ ಸಾರನ್ನು ಸುರಿದುಕೊಂಡು ಕಾಳನ್ನು ತಟ್ಟೆಯ ಅಂಚಿಗೆ ಸರಿಸಿದರೆ ಪ್ರೋಟೀನಿನ ಬಹುಪಾಲು ಅಂಚಿನಲ್ಲೇ ಉಳಿಯುತ್ತದೆ.

ಚೇತರಿಕೆಯನ್ನು ಅವಸರಪಡಿಸುವ ಉಪಾಯಗಳ ಪೈಕಿ ಈಚೆಗೆ ಮೆರೆಯುತ್ತಿರುವುದು ಐಸ್ ನೀರಿನ ತೊಟ್ಟಿ. ನೋವನ್ನು ಅದು ತಗ್ಗಿಸುತ್ತದೆ. ದಿನ ಬಿಟ್ಟು ದಿನ ಪಂದ್ಯವಿರುವ ಆಟಗಾರರಿಗೆ ಅಷ್ಟೇ ಬೇಕಾಗಿರಬಹುದು. ಸ್ನಾಯು ಬೆಳೆಸಲು ಹೊರಟವರಿಗೆ ಲೆಕ್ಕ ತಿರುಗುಮುರುಗು. 2015ರಲ್ಲಿ ಪ್ರಕಟವಾದ 12 ವಾರಗಳ ಅಧ್ಯಯನದಲ್ಲಿ ಪ್ರತಿ ವ್ಯಾಯಾಮದ ನಂತರ ತಣ್ಣೀರಿನಲ್ಲಿ ಕೂತವರಿಗಿಂತ ಹಗುರವಾಗಿ ಸೈಕಲ್ ತುಳಿದವರ ಸ್ನಾಯುವೂ ಬಲವೂ ಹೆಚ್ಚು ಬೆಳೆದವು. ತಣ್ಣೀರು ಅಡಗಿಸುವ ಊತ ರಿಪೇರಿಯ ಕರೆಗಂಟೆಯೂ ಆಗಿರುತ್ತದೆ. ನೋವಿನ ಮಾತ್ರೆ ನುಂಗಿ ಮತ್ತೆ ಭಾರ ಎತ್ತುವುದು ಇದಕ್ಕಿಂತ ಕೆಟ್ಟದ್ದು, ಮೂತ್ರಪಿಂಡಕ್ಕೂ ಹೊರೆ. ಗರಡಿಮನೆಯ ಎಣ್ಣೆ ಮಾಲೀಶು ಸ್ನಾಯುವನ್ನು ಬೇಗ ಬೆಳೆಸದಿದ್ದರೂ ನೋವನ್ನು ಹಗುರಮಾಡುತ್ತದೆ, ಪೈಲ್ವಾನನನ್ನು ಅರ್ಧ ಗಂಟೆ ಸುಮ್ಮನೆ ಮಲಗಿಸುತ್ತದೆ. ಎರಡನೆಯದೇ ದೊಡ್ಡ ಉಪಕಾರ ಇರಬಹುದು. ವಾಗ್ಭಟನ ಆಯುರ್ವೇದ ಗ್ರಂಥ ‘ಅಷ್ಟಾಂಗಹೃದಯ’ದಲ್ಲೂ ಬಲವಂತರು ತಮ್ಮ ಶಕ್ತಿಯ ಅರ್ಧದಷ್ಟೇ ವ್ಯಾಯಾಮ ಮಾಡಿ ಆಮೇಲೆ ಮೈ ತಿಕ್ಕಿಸಿಕೊಳ್ಳಬೇಕೆಂದಿದೆ. ಅತಿ ಮಾಡಿದವರನ್ನು ಆನೆಯನ್ನು ಎಳೆಯಲು ಹೋಗಿ ತಾನೇ ಸಾಯುವ ಸಿಂಹಕ್ಕೆ ಅಲ್ಲಿ ಹೋಲಿಸಲಾಗಿದೆ.

ವಾರಕ್ಕೆ ಎಷ್ಟು ಬಿಡುವು? ಹೊಸಬರಿಗೆ ದಿನ ಬಿಟ್ಟು ದಿನ ಸಾಕು. ಪಳಗಿದವರು ಸೋಮವಾರ ಎದೆ, ಮಂಗಳವಾರ ಬೆನ್ನು, ಬುಧವಾರ ಕಾಲು ಎಂದು ಸರದಿ ಹಾಕಿಕೊಂಡು ಒಂದು ಭಾಗ ದುಡಿಯುವಾಗ ಇನ್ನೊಂದಕ್ಕೆ ರಜೆ ಕೊಡುತ್ತಾರೆ. (ಬುಧವಾರವೇ ಏಕೋ ಹೆಚ್ಚು ಗೈರುಹಾಜರಿ.) ಹಾಗಿದ್ದರೂ ನಿದ್ದೆ, ನರ, ಕೀಲುಗಳು ಎಲ್ಲ ಭಾಗಗಳಿಗೂ ಒಂದೇ ಆದ್ದರಿಂದ ವಾರಕ್ಕೊಂದೆರಡು ದಿನ ಪೂರ್ತಿ ಬಿಡುವು ಬೇಕು. ಪೂರ್ತಿ ಬಿಡುವೆಂದರೆ ಸೋಫಾಕ್ಕೆ ಅಂಟಿಕೊಳ್ಳುವುದೆಂದಲ್ಲ. ಸಂಜೆಯ ನಡಿಗೆ, ತರಕಾರಿ ತರುವುದು, ನಿಧಾನವಾದ ಈಜು ನಡೆಯುತ್ತದೆ. ರಕ್ತ ಹರಿದಾಡಿ ಬಿಗಿತ ಸಡಿಲಾಗುತ್ತದೆ. ಅರವತ್ತು ದಾಟಿದವರಿಗೆ ಅಂತರ ಇನ್ನೊಂದು ದಿನ ಹೆಚ್ಚಿದ್ದರೆ ಒಳ್ಳೆಯದು. ಜ್ವರ ಬಂದಾಗ ವ್ಯಾಯಾಮವನ್ನು ಪೂರ್ತಿ ಬಿಡಬೇಕು.

ನಾಲ್ಕು ದಿನ ಬಿಟ್ಟರೆ ಗಳಿಸಿದ್ದೆಲ್ಲ ಹೋದೀತೆಂಬ ಭಯ ಬಹಳ ಜನರನ್ನು ಕಾಡುತ್ತದೆ. ಬಲ ಎರಡು ಮೂರು ವಾರ ಹೆಚ್ಚುಕಡಿಮೆ ಹಾಗೆಯೇ ಇರುತ್ತದೆ. ದಮ್ಮು ಸ್ವಲ್ಪ ಬೇಗ ಇಳಿಯುತ್ತದೆ, ಅದೂ ದಿನಗಳಲ್ಲಲ್ಲ. 1954ರ ಏಪ್ರಿಲ್‌ನಲ್ಲಿ ಲಂಡನ್ನಿನ ವೈದ್ಯಕೀಯ ವಿದ್ಯಾರ್ಥಿ, ಓಟಗಾರ ರೋಜರ್ ಬ್ಯಾನಿಸ್ಟರ್‌ಗೆ ಎದುರಾದದ್ದು ಇದೇ ಪ್ರಶ್ನೆ. ಕಾಲು ಮೈಲಿಯ ಓಟವನ್ನು ಹತ್ತು ಸಲ ಓಡುವುದು ಅವರ ಅಭ್ಯಾಸ. ಒಂದೊಂದು ಸುತ್ತಿಗೆ 61 ಸೆಕೆಂಡಿನಿಂದ ಕೆಳಗೆ ಗಡಿಯಾರ ಇಳಿಯುತ್ತಲೇ ಇರಲಿಲ್ಲ. ಜೊತೆಗಾರ ಕ್ರಿಸ್ ಬ್ರಾಷರ್ ಜೊತೆ ಸ್ಕಾಟ್ಲೆಂಡಿಗೆ ಹೋಗಿ ಮೂರು ನಾಲ್ಕು ದಿನ ಬಂಡೆ ಹತ್ತುತ್ತ ಕಳೆದರು, ಓಟದ ಮಾತೇ ಇಲ್ಲ. ಮರಳಿ ಬಂದು ಒಂದಿಷ್ಟು ಸುಧಾರಿಸಿಕೊಂಡು ಓಡಿದಾಗ 59. ಮೇ 6ರಂದು ಆಕ್ಸ್‌ಫರ್ಡಿನಲ್ಲಿ ಅವರು ಒಂದು ಮೈಲಿಯನ್ನು 3 ನಿಮಿಷ 59.4 ಸೆಕೆಂಡಿನಲ್ಲಿ ಮುಗಿಸಿದರು. ಅದಕ್ಕೆ ಮುಂಚಿನ ಐದು ದಿನ ತರಬೇತಿ ನಡೆದಿರಲಿಲ್ಲ.

ಬಿಡುವಿಲ್ಲದ ದುಡಿತ ತಿಂಗಳುಗಟ್ಟಲೆ ಮುಂದುವರಿದರೆ ಮೈ ಬೇರೆ ರೀತಿಯಲ್ಲಿ ದೂರು ಕೊಡುತ್ತದೆ. ಬೆಳಗ್ಗೆ ಎದ್ದಾಗಿನ ನಾಡಿ ಎಂದಿಗಿಂತ ಏರಿರುವುದು, ದಣಿದಿದ್ದರೂ ನಿದ್ದೆ ಹತ್ತದಿರುವುದು, ಊಟ ಸೇರದಿರುವುದು, ಸಣ್ಣದಕ್ಕೂ ಸಿಡುಕು, ಪದೇ ಪದೇ ನೆಗಡಿ, ಕಷ್ಟಪಟ್ಟಷ್ಟೂ ಎತ್ತುವ ಭಾರ ಇಳಿಯುವುದು. ಈ ಹಂತಕ್ಕೆ ಹೋದವರು ಸರಿಯಾಗಲು ವಾರಗಳು, ಕೆಲವೊಮ್ಮೆ ತಿಂಗಳುಗಳು ಬೇಕು. ಇದಕ್ಕಿಂತ ತುರ್ತಿನದು ಇನ್ನೊಂದಿದೆ. ಬಹಳ ದಿನದ ಮೇಲೆ ಒಮ್ಮೆಲೇ ನೂರಾರು ಬಸ್ಕಿ ಹೊಡೆದವರ ಎಳೆಗಳು ಸಾಮೂಹಿಕವಾಗಿ ಒಡೆದು, ಒಳಗಿನ ಮಯೋಗ್ಲೋಬಿನ್ ರಕ್ತಕ್ಕೆ ಸೇರಿ ಮೂತ್ರಪಿಂಡವನ್ನು ಕೆಡಿಸಬಹುದು. ತೊಡೆ ಕಲ್ಲಿನಂತಾಗಿ ಮೂತ್ರ ಕಡುಚಹಾದ ಬಣ್ಣಕ್ಕೆ ತಿರುಗಿದರೆ ಅದು ವಿಶ್ರಾಂತಿಯಿಂದ ವಾಸಿಯಾಗುವ ಮೈಕೈ ನೋವಲ್ಲ. ಅಂದೇ ಆಸ್ಪತ್ರೆಗೆ ಹೋಗಬೇಕು, ಸಲೈನ್ ಏರಿಸಿಕೊಳ್ಳಬೇಕಾಗುತ್ತದೆ.