ಯಾವ ಕ್ಯಾಮರಾ ಎಂದು ಕೇಳುವುದಕ್ಕೆ ಮೊದಲು

ಛಾಯಾಚಿತ್ರ ತೆಗೆಯುವ ಹವ್ಯಾಸವು ಈಗ ಉಳ್ಳವರ ಸೊತ್ತಾಗಿ ಉಳಿದಿಲ್ಲ. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಯಾವ ಹಳ್ಳಿಗೆ ಹೋದರೂ ಕಿಸೆಯಲ್ಲಿ ಕ್ಯಾಮರಾ ಇಲ್ಲದ ತರುಣರು ಅಪರೂಪ; ಮೊಬೈಲು ಆ ಕೆಲಸವನ್ನು ಮಾಡಿದೆ. ನಾಗನೂರಿನ ವಿದ್ಯಾರ್ಥಿಯೊಬ್ಬನು ಮಳೆಗಾಲದಲ್ಲಿ ಗೋಕಾಕದ ಜಲಪಾತಕ್ಕೆ ಹೋಗಿ ತೆಗೆದ ಚಿತ್ರವು ಸಂಜೆಯೊಳಗೆ ಹತ್ತಾರು ಗೆಳೆಯರನ್ನು ತಲುಪುತ್ತದೆ. ಇದು ಸಂತೋಷದ ಸಂಗತಿಯೇ ಸರಿ. ಆದರೆ ಚಿತ್ರ ಚೆನ್ನಾಗಿದ್ದರೆ ಗೆಳೆಯರು ಕೇಳುವ ಮೊದಲ ಪ್ರಶ್ನೆ ಯಾವುದು? “ಯಾವ ಕ್ಯಾಮರಾ?” ಎಂಬುದೇ. ಎರಡನೆಯದು, “ಎಷ್ಟು ಬೆಲೆ?” ಎಂಬುದು. ಅಲ್ಲಿಗೆ ಚರ್ಚೆ ಮುಗಿಯಿತು. ಇವು ಕೇಳಬಾರದ ಪ್ರಶ್ನೆಗಳೆಂದು ನಾವು ಹೇಳುವುದಿಲ್ಲ. ಕೊನೆಯಲ್ಲಿ ಕೇಳಬೇಕಾದವುಗಳನ್ನು ಮೊದಲು ಕೇಳುತ್ತಿದ್ದೇವೆ ಎಂಬುದಷ್ಟೇ ನಮ್ಮ ಆಕ್ಷೇಪ.

ಜಲಪಾತದ ಉದಾಹರಣೆಯನ್ನೇ ವಿಚಾರಿಸೋಣ. ಗೋಕಾಕದಲ್ಲಿ ಘಟಪ್ರಭೆಯು ಸುಮಾರು 52 ಮೀಟರು, ಎಂದರೆ 170 ಅಡಿ, ಎತ್ತರದಿಂದ ಧುಮುಕುತ್ತದೆ. ಗಾಳಿಯ ತಡೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ನೀರು ಕೆಳಗೆ ತಲುಪಲು ಮೂರು ಸೆಕೆಂಡಿಗಿಂತ ತುಸು ಹೆಚ್ಚು ಕಾಲ ಬೇಕು. ತಳ ಮುಟ್ಟುವಾಗ ಅದರ ವೇಗ ಸೆಕೆಂಡಿಗೆ ಸುಮಾರು 32 ಮೀಟರು. ಪ್ರೌಢಶಾಲೆಯಲ್ಲಿ ಕಲಿತ ಸೂತ್ರದಿಂದಲೇ ಇದನ್ನು ಯಾರಾದರೂ ಸಾಧಿಸಿ ನೋಡಬಹುದು. ಶಟರು ಸೆಕೆಂಡಿನ 1/1000 ಭಾಗದಷ್ಟು ಹೊತ್ತು ಮಾತ್ರ ತೆರೆದಿದ್ದರೆ, ಆ ಅವಧಿಯಲ್ಲಿ ನೀರು ಮೂರು ಸೆಂಟಿಮೀಟರಿನಷ್ಟು ಸರಿಯುತ್ತದೆ. ದೂರದಿಂದ ತೆಗೆದ ಚಿತ್ರದಲ್ಲಿ ಹನಿಗಳು ನಿಂತಂತೆ ಕಾಣುತ್ತವೆ. 1/30 ಸೆಕೆಂಡು ತೆರೆದಿದ್ದರೆ ಅದೇ ನೀರು ಒಂದು ಮೀಟರಿಗೂ ಮಿಕ್ಕಿ ಚಲಿಸಿರುತ್ತದೆ. ಆಗ ಹನಿಗಳು ಗೆರೆಗಳಾಗುತ್ತವೆ. ಅರ್ಧ ಸೆಕೆಂಡಿಗೆ ಹೋದರೆ ಹದಿನಾರು ಮೀಟರು; ಇಡೀ ಧಾರೆಯು ಹಿಂಜಿದ ಅರಳೆಯಂತೆ ತೋರುತ್ತದೆ. ಒಂದೇ ನೀರು, ಒಂದೇ ಕ್ಯಾಮರಾ, ಮೂರು ಬೇರೆ ಚಿತ್ರಗಳು. ಇವನ್ನು ಬೇರೆಮಾಡಿದ್ದು ಬೆಲೆಯಲ್ಲ, ಕಾಲ.

ಬೆಳಕಿನ ವಿಷಯವೂ ಹೀಗೆಯೇ. ನಿಚ್ಚಳ ಬಿಸಿಲಿನಲ್ಲಿ ರಂಧ್ರವನ್ನು ಎಫ್/16ಕ್ಕೆ ಇಟ್ಟು, ಫಿಲ್ಮಿನ ವೇಗದ ಸಂಖ್ಯೆ 100 ಇದ್ದರೆ ಶಟರನ್ನು ಸುಮಾರು 1/100 ಸೆಕೆಂಡಿಗೆ ಇಡಬೇಕೆಂಬುದು ಹಳೆಯ ಛಾಯಾಗ್ರಾಹಕರಿಗೆ ಕಂಠಪಾಠವಾಗಿದ್ದ ನಿಯಮ. ಕಾಲವನ್ನು ಎಂಟರಲ್ಲೊಂದು ಭಾಗಕ್ಕೆ ಇಳಿಸಿದರೆ, ಎಂಟು ಪಟ್ಟು ಬೆಳಕು ಬರುವಂತೆ ರಂಧ್ರವನ್ನು ಎಫ್/5.6ಕ್ಕೆ ಹಿಗ್ಗಿಸಬೇಕು. ಇಂದು ಯಂತ್ರವೇ ಈ ಲೆಕ್ಕವನ್ನು ಮಾಡುತ್ತದೆ. ಮೊಬೈಲಿನಲ್ಲಿ ಸಾಮಾನ್ಯವಾಗಿ ರಂಧ್ರವು ಬದಲಾಗದ್ದರಿಂದ ಶಟರಿನ ಕಾಲವನ್ನೂ ಸಂವೇದಕದ ವೇಗವನ್ನೂ ಅದು ಹೊಂದಿಸಿಕೊಳ್ಳುತ್ತದೆ. ಆದರೆ ಲೆಕ್ಕ ಮಾಡಬಲ್ಲ ಯಂತ್ರಕ್ಕೆ ನಿಮಗೆ ಬೇಕಾದದ್ದು ಹನಿಯೋ ಅರಳೆಯೋ ಎಂಬುದು ತಿಳಿಯದು. ಅದನ್ನು ನಿರ್ಧರಿಸುವವನು ಮನುಷ್ಯನೇ. ಆತನಿಗೆ ತತ್ತ್ವ ತಿಳಿಯದಿದ್ದರೆ ದುಬಾರಿ ಯಂತ್ರವೂ ಅಗ್ಗದ ಯಂತ್ರದ ಚಿತ್ರವನ್ನೇ ಕೊಡುತ್ತದೆ.

ಹಾಗಾದರೆ ಉಪಕರಣಕ್ಕೆ ಬೆಲೆಯೇ ಇಲ್ಲವೇ? ಇದೆ. ಘಟಪ್ರಭಾ ಪಕ್ಷಿಧಾಮಕ್ಕೆ ಚಳಿಗಾಲದಲ್ಲಿ ಕರ್ಕರ ಕೊಕ್ಕರೆಗಳು ಬರುತ್ತವೆ. ಸುಮಾರು 90 ಸೆಂಟಿಮೀಟರು ಎತ್ತರದ ಈ ಹಕ್ಕಿಯು ನೂರು ಮೀಟರು ದೂರದಲ್ಲಿ ನಿಂತಿದ್ದರೆ, 50 ಮಿಲಿಮೀಟರಿನ ಲೆನ್ಸು ಅದರ ಬಿಂಬವನ್ನು ಅರ್ಧ ಮಿಲಿಮೀಟರಿಗೂ ಕಡಿಮೆ ಎತ್ತರವಾಗಿ ಮೂಡಿಸುತ್ತದೆ. 400 ಮಿಲಿಮೀಟರಿನ ಲೆನ್ಸು ಅದರ ಎಂಟು ಪಟ್ಟು ಕೊಡುತ್ತದೆ. ಇಲ್ಲಿ ಜಾಣತನವು ಲೆನ್ಸಿನ ಕೊರತೆಯನ್ನು ತುಂಬಲಾರದು. ಲೆನ್ಸು ಸಾಲದೆಂದು ಹಕ್ಕಿಯ ಹತ್ತಿರಕ್ಕೆ ನುಗ್ಗಿ ಹಿಂಡನ್ನು ಎಬ್ಬಿಸುವುದೂ, ಗೂಡಿನ ಮರೆಯನ್ನು ಸರಿಸುವುದೂ ತಪ್ಪು. ಅಂಥ ಚಿತ್ರವು ತೆಗೆಯದಿದ್ದರೇ ಲೇಸು. ಆದುದರಿಂದ ನಮ್ಮ ಸಲಹೆ ಇಷ್ಟು: ನಿಮ್ಮ ಕೈಯಲ್ಲಿರುವ ಯಂತ್ರವು ಏನನ್ನು ಮಾಡಲಾರದು ಎಂಬುದನ್ನು ಅಂಕೆಗಳಲ್ಲಿ ಹೇಳಲು ಬರುವ ದಿನ ಹೊಸದನ್ನು ಕೊಳ್ಳುವ ಮಾತನಾಡಿರಿ. ಅಲ್ಲಿಯವರೆಗೆ ಕಬ್ಬಿನ ಬಿಲ್ಲಿನ ಹಣವನ್ನು ಕ್ಯಾಮರಾಕ್ಕೆ ಸುರಿಯಬೇಕೆಂದು ತಂದೆಯನ್ನು ಪೀಡಿಸುವುದು ನ್ಯಾಯವಲ್ಲ.

ಅಮೆರಿಕದ ವರ್ಮಾಂಟಿನಲ್ಲಿ ವಿಲ್ಸನ್ ಬೆಂಟ್ಲಿ ಎಂಬ ರೈತನಿದ್ದನು. ಆತನು ಸೂಕ್ಷ್ಮದರ್ಶಕವನ್ನು ಕ್ಯಾಮರಾಕ್ಕೆ ಜೋಡಿಸಿ 1885ರ ಜನವರಿಯಲ್ಲಿ ಹಿಮದ ಹರಳಿನ ಛಾಯಾಚಿತ್ರವನ್ನು ಪಡೆದನು; 1931ರಲ್ಲಿ ತೀರಿಕೊಳ್ಳುವುದರೊಳಗೆ ಐದು ಸಾವಿರಕ್ಕೂ ಹೆಚ್ಚು ಹರಳುಗಳ ಚಿತ್ರ ತೆಗೆದಿದ್ದನು. ಆತನ ಕೀರ್ತಿಯು ಚಿತ್ರಗಳ ಅಂದದಿಂದ ಮಾತ್ರ ಬಂದುದಲ್ಲ. ಹವೆಯ ಸ್ಥಿತಿಯನ್ನೂ ಆತನು ಬಿಡದೆ ಬರೆದಿಡುತ್ತಿದ್ದನು. ಬರಹದ ಬೆಂಬಲವಿದ್ದುದರಿಂದಲೇ ಹವ್ಯಾಸವು ವಿಜ್ಞಾನಕ್ಕೆ ಒದಗಿತು.

ನಮ್ಮ ನಾಡಿನಲ್ಲಿಯೂ ಹವ್ಯಾಸಿಗಳ ಪರಂಪರೆ ದೊಡ್ಡದು. 1953ರಲ್ಲಿ ಸ್ಥಾಪಿತವಾದ ಭಾರತೀಯ ಛಾಯಾಗ್ರಹಣ ಒಕ್ಕೂಟದ ಹಿಂದೆ ಬೆಂಗಳೂರಿನ ಡಾ. ಜಿ. ಥಾಮಸ್ ಅವರ ಶ್ರಮವಿತ್ತು. 1971ರಲ್ಲಿ ಅದೇ ನಗರದಲ್ಲಿ ಯೂತ್ ಫೋಟೊಗ್ರಾಫಿಕ್ ಸೊಸೈಟಿ ಹುಟ್ಟಿತು. ಟಿ. ಎನ್. ಎ. ಪೆರುಮಾಳ್ ಮತ್ತು ಇ. ಹನುಮಂತರಾವ್ ಅವರು ಹಿರಿಯರಾದ ಓ. ಸಿ. ಎಡ್ವರ್ಡ್ಸ್ ಅವರಿಂದ ಕಲಿತು ವನ್ಯಜೀವಿ ಛಾಯಾಗ್ರಹಣದಲ್ಲಿ ಹೆಸರಾದರು, ಸಂಡೂರಿನ ಎಂ. ವೈ. ಘೋರ್ಪಡೆಯವರು ರಾಜ್ಯದ ಹಣಕಾಸು ಮಂತ್ರಿಯಾಗಿದ್ದರೂ ಈ ಹವ್ಯಾಸವನ್ನು ಬಿಡಲಿಲ್ಲ. ಫಿಲ್ಮಿನ ಕಾಲದಲ್ಲಿ ಒಂದು ಸುರುಳಿಯಲ್ಲಿ 36 ಚಿತ್ರಗಳಷ್ಟೇ. ಒಂದೊಂದಕ್ಕೂ ಖರ್ಚು ಇದ್ದುದರಿಂದ ಗುಂಡಿ ಒತ್ತುವ ಮೊದಲು ಯೋಚಿಸುವುದು ಅನಿವಾರ್ಯವಾಗಿತ್ತು. ಇಂದು ಆ ಖರ್ಚು ಹೋಗಿದೆ. ಅದರೊಡನೆ ಯೋಚನೆಯೂ ಹೋಗಬೇಕಾದ ಕಾರಣವೇನೂ ಇಲ್ಲ.

ಇನ್ನು ಅತಿ ಮುಖ್ಯವಾದ ಮಾತು. 2019ರ ಆಗಸ್ಟಿನಲ್ಲಿ ಘಟಪ್ರಭೆಯು ಉಕ್ಕಿ ಗೋಕಾಕ ಪಟ್ಟಣಕ್ಕೆ ನೀರು ನುಗ್ಗಿತು. ಲೋಳಸೂರಿನ ಸೇತುವೆ ಮುಳುಗಿತು. ಆಗ ತೆಗೆದ ಚಿತ್ರಗಳಿಗೆ ಲೆಕ್ಕವಿಲ್ಲ. ಸೇತುವೆಯ ಕಂಬದ ಯಾವ ಕಲ್ಲಿನವರೆಗೆ, ಯಾವ ದಿನ, ಎಷ್ಟು ಗಂಟೆಗೆ ನೀರು ಏರಿತ್ತೆಂಬುದನ್ನು ಹೇಳುವ ಚಿತ್ರವು ಒಂದು ಅಳತೆಗೋಲು. ಅಂಥ ಹತ್ತು ಚಿತ್ರಗಳನ್ನು ಸಾಲಾಗಿ ಇಟ್ಟರೆ ನೀರು ಗಂಟೆಗೆ ಎಷ್ಟು ಏರಿತು, ಹಿಡಕಲ್ ಅಣೆಕಟ್ಟಿನಿಂದ ಬಿಟ್ಟ ನೀರು ನಮ್ಮ ಊರನ್ನು ಎಷ್ಟು ಹೊತ್ತಿಗೆ ಮುಟ್ಟಿತು ಎಂಬುದನ್ನು ತಿಳಿಯಬಹುದು. ಮುಂದಿನ ನೆರೆಗೆ ಯಾವ ಓಣಿಯನ್ನು ಮೊದಲು ತೆರವು ಮಾಡಬೇಕೆಂಬುದನ್ನು ನಿರ್ಧರಿಸಬಹುದು. ದಿನಾಂಕವಿಲ್ಲದ ಚಿತ್ರವೋ ಇದಕ್ಕೆ ತೀರ ವಿರುದ್ಧ. ಅದು ಮತ್ತೊಂದು ಮಳೆಗಾಲದಲ್ಲಿ ಇಂದಿನದೆಂಬಂತೆ ಕೈಯಿಂದ ಕೈಗೆ ಹರಿದು ಜನರನ್ನು ಸುಮ್ಮನೆ ಹೆದರಿಸಬಲ್ಲದು.

ವಿಚಿತ್ರವೆಂದರೆ ಈ ವಿವರಗಳನ್ನು ಯಂತ್ರವು ತಾನಾಗಿಯೇ ಬರೆದಿಡುತ್ತದೆ. ತೆಗೆದ ದಿನ, ಗಳಿಗೆ, ಶಟರಿನ ಕಾಲ, ಸಂವೇದಕದ ವೇಗ, ಅನುಮತಿ ಇದ್ದರೆ ಸ್ಥಳದ ಅಕ್ಷಾಂಶ ರೇಖಾಂಶಗಳೂ ಚಿತ್ರದೊಳಗೆ ಅಡಗಿರುತ್ತವೆ. ಆದರೆ ಮೊಬೈಲಿನ ಸಂದೇಶವಾಗಿ ಚಿತ್ರವನ್ನು ಕಳುಹಿಸಿದಾಗ ಸಾಮಾನ್ಯವಾಗಿ ಇವೆಲ್ಲ ಕಳಚಿಹೋಗುತ್ತವೆ. ಬಣ್ಣ ಉಳಿಯುತ್ತದೆ, ಸಾಕ್ಷ್ಯ ಅಳಿಯುತ್ತದೆ. ಆದುದರಿಂದ ಮೂಲ ಪ್ರತಿಯನ್ನು ಜೋಪಾನವಾಗಿ ಇಡಬೇಕು. ಕಳುಹಿಸುವಾಗ ಎರಡು ಸಾಲು ಬರೆಯಬೇಕು.

ನಮ್ಮ ಪ್ರೌಢಶಾಲೆ ಕಾಲೇಜುಗಳಿಗೆ ನಾವು ಮಾಡುವ ಸೂಚನೆ ಸರಳವಾದುದು. ಪ್ರತಿ ತಿಂಗಳು ವಿದ್ಯಾರ್ಥಿಗಳು ತಮಗೆ ಮೆಚ್ಚಿಕೆಯಾದ ಒಂದೊಂದು ಚಿತ್ರವನ್ನು ಗೋಡೆಯ ಫಲಕಕ್ಕೆ ಹಚ್ಚಲಿ. ಅದರ ಕೆಳಗೆ ಎಲ್ಲಿ, ಯಾವಾಗ, ಎಂಥ ಬೆಳಕಿನಲ್ಲಿ, ಎಷ್ಟು ಕಾಲದ ಶಟರಿನಲ್ಲಿ ತೆಗೆದದ್ದೆಂಬುದನ್ನೂ, ಚಿತ್ರದಲ್ಲಿ ತಾನು ಗಮನಿಸಿದ ಒಂದು ಸಂಗತಿಯನ್ನೂ ಬರೆಯಲಿ. ಕ್ಯಾಮರಾದ ಹೆಸರು ಕೊನೆಯ ಸಾಲಿನಲ್ಲಿರಲಿ. ವಿಜ್ಞಾನದ ಅಧ್ಯಾಪಕರು ತಿಂಗಳಿಗೆ ಒಂದು ಗಂಟೆ ಆ ಫಲಕದ ಮುಂದೆ ನಿಂತು ಚರ್ಚೆ ನಡೆಸಲಿ. ಜಲಪಾತದ ಅಂಚಿನ ಹಾಸುಬಂಡೆಯ ಮೇಲೆ ಪಾಚಿ ಕಟ್ಟಿದಾಗ ಹೆಜ್ಜೆ ಇಡುವುದು ಪ್ರಾಣಕ್ಕೆ ಸಂಚಕಾರವೆಂಬ ಎಚ್ಚರಿಕೆಯೂ ಅಲ್ಲಿಯೇ ಸಿಗಲಿ. ಯಾವ ಚಿತ್ರವೂ ಒಂದು ಜೀವಕ್ಕಿಂತ ದೊಡ್ಡದಲ್ಲ.

ಇದಕ್ಕೆ ಸರಕಾರದ ಅನುದಾನ ಬೇಕಿಲ್ಲ, ಹೊಸ ಕ್ಯಾಮರಾ ಬೇಕಿಲ್ಲ. ಐದು ವರ್ಷ ಹೀಗೆ ನಡೆದರೆ ನಾಗನೂರಿನಂಥ ಊರಿನ ಮಳೆ, ಕಾಲುವೆ, ಬೆಳೆ, ಹಕ್ಕಿಗಳ ನಂಬಬಹುದಾದ ದಾಖಲೆಯೊಂದು ಆ ಊರಿನ ಶಾಲೆಯಲ್ಲಿಯೇ ಸಿದ್ಧವಾಗಿರುತ್ತದೆ. ಅದನ್ನು ಹೊರಗಿನವರು ಯಾರೂ ಬಂದು ನಮಗಾಗಿ ಮಾಡಿಕೊಡಲಾರರು.